ನದೀತೀರದ ಮೋದಕದ ರಾಶಿ: ಮಕ್ಕಳಿಗೆ ಮಾತಿನ ಪರೀಕ್ಷೆ

ಜೈನ ನ್ಯಾಯಶಾಸ್ತ್ರವನ್ನು ಸೂತ್ರರೂಪದಲ್ಲಿ ಅಡಕಗೊಳಿಸಿದ ಶ್ರೀ ಮಾಣಿಕ್ಯನಂದಿ ಆಚಾರ್ಯರ ‘ಪರೀಕ್ಷಾಮುಖ’ವು ಪಂಡಿತರ ಗ್ರಂಥವೆಂದೇ ಪ್ರಸಿದ್ಧವಾಗಿದೆ. ಪಾಠಶಾಲೆಯ ಬಾಲಕ-ಬಾಲಿಕೆಯರ ಕೈಗೆ ಅದನ್ನು ಕೊಡುವವರು ಅಪರೂಪ. ಆದರೆ ಅದರ ಆರನೆಯ ಸಮುದ್ದೇಶದಲ್ಲಿ, ಆಗಮದಂತೆ ತೋರಿ ಆಗಮವಲ್ಲದ ಮಾತು ಯಾವುದು ಎಂಬ ವಿಚಾರ ಬಂದಾಗ, ಆಚಾರ್ಯರು ಕೊಡುವ ದೃಷ್ಟಾಂತ ಮಕ್ಕಳದೇ ಆಗಿದೆ. ನದಿಯ ದಡದಲ್ಲಿ ಮೋದಕದ ರಾಶಿಗಳು ಬಿದ್ದಿವೆ, ಓಡಿರಿ ಹುಡುಗರೇ ಎಂದು ಒಬ್ಬನು ಕೂಗುತ್ತಾನೆ. ಆ ಮಾತನ್ನು ನಂಬಿ ಓಡಿದ ಹುಡುಗರಿಗೆ ಅಲ್ಲಿ ಸಿಗುವುದು ಮರಳು ಮಾತ್ರ.

ಹಾಗೆ ಕೂಗಿದವನಿಗೆ ಏನು ಲಾಭ? ವ್ಯಾಖ್ಯಾನಕಾರರು ಇದನ್ನು ಬಿಡಿಸಿ ಹೇಳಿದ್ದಾರೆ. ಹುಡುಗರ ಗಲಾಟೆಯಿಂದ ಬೇಸತ್ತವನಿಗೆ ಅವರು ಅಲ್ಲಿಂದ ತೊಲಗಿದರೆ ಸಾಕಾಗಿತ್ತು. ಅವನಿಗೆ ಮೋದಕದ ಸುದ್ದಿ ಬೇಕಿರಲಿಲ್ಲ, ಮನೆಯ ಮುಂದಿನ ಶಾಂತಿ ಬೇಕಿತ್ತು. ರಾಗ, ದ್ವೇಷ, ಮೋಹ ಈ ಮೂರರಲ್ಲಿ ಯಾವುದಾದರೂ ಒಂದು ಆವರಿಸಿಕೊಂಡಿರುವವನ ಮಾತಿನಿಂದ ಹುಟ್ಟಿದ ತಿಳಿವಳಿಕೆಯು ಆಗಮಾಭಾಸ ಎಂಬುದು ಅಲ್ಲಿನ ನಿರ್ಣಯ. ಮುಂದಿನ ಸೂತ್ರದಲ್ಲಿ ಬೆರಳ ತುದಿಯ ಮೇಲೆ ಆನೆಗಳ ನೂರು ಹಿಂಡುಗಳಿವೆ ಎಂಬ ಮತ್ತೊಂದು ಮಾತು ಬರುತ್ತದೆ. ಒಂದನ್ನು ಹೋಗಿ ನೋಡಿ ಸುಳ್ಳೆಂದು ತಿಳಿಯಬೇಕು, ಇನ್ನೊಂದನ್ನು ಕುಳಿತಲ್ಲಿಯೇ ತಿಳಿಯಬಹುದು. ಎರಡು ಬಗೆಯ ಸುಳ್ಳುಗಳಿಗೂ ಆಚಾರ್ಯರು ಸ್ಥಳ ಕೊಟ್ಟಿರುವುದು ಗಮನಿಸತಕ್ಕದ್ದಾಗಿದೆ.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಈ ಭಾಗದ ಜೈನ ಮನೆಯ ಮಗುವಿನ ಸ್ಥಿತಿಯನ್ನು ಸ್ವಲ್ಪ ಯೋಚಿಸಬೇಕು. ಮನೆಯ ಮಾತು ಕನ್ನಡ, ಶಾಲೆಯ ಪಾಠ ಮರಾಠಿ ಅಥವಾ ಇಂಗ್ಲಿಷ್, ಬಸದಿಯಲ್ಲಿ ಹೇಳುವ ಸ್ತೋತ್ರ ಪ್ರಾಕೃತ ಮತ್ತು ಸಂಸ್ಕೃತ, ಸ್ವಾಧ್ಯಾಯದ ಪುಸ್ತಕ ಹಿಂದಿ. ನೆರೆಮನೆಯ ಜೈನ ಕುಟುಂಬದ ಮಾತು ಗುಜರಾತಿಯೋ ಮಾರವಾಡಿಯೋ ಆಗಿರುತ್ತದೆ. ಇಷ್ಟು ಬಾಗಿಲುಗಳಿಂದ ಒಳಗೆ ಬರುವ ಸುದ್ದಿಯ ಜೊತೆಗೆ ಈಗ ಮೊಬೈಲ್ ಫೋನಿನ ಬಾಗಿಲೂ ಸೇರಿದೆ. ಒಂದು ಭಾಷೆಯಲ್ಲಿ ಹುಟ್ಟಿದ ಮಾತು ಇನ್ನೊಂದಕ್ಕೆ ಬರುವಾಗ ಹೇಳಿದವನ ಹೆಸರು ಮೊದಲು ಉದುರುತ್ತದೆ, ಆಮೇಲೆ ‘ಇರಬಹುದು’ ಎಂಬುದು ‘ಇದೆ’ ಎಂದಾಗುತ್ತದೆ.

ಒಂದು ಶಬ್ದದ ಉದಾಹರಣೆಯೇ ಸಾಕು. ಇಂದಿನ ಕನ್ನಡದಲ್ಲಿ ‘ಆಪ್ತ’ ಎಂದರೆ ಹತ್ತಿರದವನು, ಜೀವದ ಗೆಳೆಯ. ಮರಾಠಿಯಲ್ಲಿ ‘ಆಪ್ತ’ ಎಂದರೆ ಬಂಧು-ಬಳಗ, ಲಗ್ನಪತ್ರಿಕೆಯಲ್ಲಿ ಮೊದಲು ಕಾಣುವ ಶಬ್ದ. ಶಾಸ್ತ್ರದಲ್ಲಿ ಆಪ್ತ ಎಂದರೆ ಇವೆರಡೂ ಅಲ್ಲ. ಪರಮ ಅರ್ಥದಲ್ಲಿ ದೋಷರಹಿತನೂ ಸರ್ವಜ್ಞನೂ ಆದ ಜಿನನೇ ಆಪ್ತ. ವ್ಯವಹಾರದ ಅರ್ಥದಲ್ಲಿ, ಯಾವನು ಯಾವ ವಿಷಯದಲ್ಲಿ ವಂಚಿಸುವವನಲ್ಲವೋ ಅವನು ಆ ವಿಷಯದಲ್ಲಿ ಆಪ್ತ ಎಂದು ಪರೀಕ್ಷಾಮುಖದ ವ್ಯಾಖ್ಯಾನದಲ್ಲಿ ಹೇಳಿದೆ. ‘ಆ ವಿಷಯದಲ್ಲಿ’ ಎಂಬ ಮಿತಿ ಬಹಳ ಮುಖ್ಯವಾದದ್ದು. ಹತ್ತಿಯ ತರಗತಿಯನ್ನು ಕೈಯಲ್ಲಿ ಹಿಡಿದು ಹೇಳಬಲ್ಲ ದಲಾಲನ ಮಾತು ಹತ್ತಿಯ ವಿಷಯದಲ್ಲಿ ಪ್ರಮಾಣ, ಕಣ್ಣಿನ ಪೊರೆಯ ವಿಷಯದಲ್ಲಿ ಅಲ್ಲ. ಆದರೆ ಇಂದು ಮನೆಗಳಲ್ಲಿ ನಡೆಯುತ್ತಿರುವುದು ಮರಾಠಿಯ ಅರ್ಥ: ಕಾಕಾ ಕಳಿಸಿದ್ದಾರೆ, ಮಾವಶಿ ಕಳಿಸಿದ್ದಾರೆ, ಆದ್ದರಿಂದ ನಿಜ. ಕಳಿಸಿದವರು ಪ್ರೀತಿಯವರು ಎಂಬುದು ಸತ್ಯ. ಅವರು ಬರೆದವರಲ್ಲ ಎಂಬುದೂ ಸತ್ಯ.

ಜೈನ ಮನೆಗಳಲ್ಲಿ ಮೆಚ್ಚುಗೆಯಿಂದ ಹರಿದಾಡಿದ ಒಂದು ಸಂದೇಶವನ್ನೇ ಪರೀಕ್ಷೆಗೆ ತೆಗೆದುಕೊಳ್ಳಬಹುದು. ಉಪವಾಸದಿಂದ ಕ್ಯಾನ್ಸರ್ ಗುಣವಾಗುತ್ತದೆಂದು ಜಪಾನಿನ ವಿಜ್ಞಾನಿ ಸಿದ್ಧಪಡಿಸಿ ನೊಬೆಲ್ ಪಾರಿತೋಷಕ ಪಡೆದರು, ತೀರ್ಥಂಕರರು ಇದನ್ನು ಮೊದಲೇ ಹೇಳಿದ್ದರು ಎಂಬುದು ಅದರ ತಾತ್ಪರ್ಯ. ಪರ್ಯೂಷಣದ ದಿನಗಳಲ್ಲಿ ಇದು ಹೆಚ್ಚು ಓಡಾಡುತ್ತದೆ. ಇದರಲ್ಲಿ ನಿಜವೆಷ್ಟು? ಯೋಶಿನೋರಿ ಓಸುಮಿ ಎಂಬ ವಿಜ್ಞಾನಿಗೆ 2016ರಲ್ಲಿ ವೈದ್ಯಕೀಯ ವಿಭಾಗದ ನೊಬೆಲ್ ಬಂದದ್ದು ನಿಜ. ಜೀವಕೋಶವು ತನ್ನೊಳಗಿನ ಹಳೆಯ ಅಂಶಗಳನ್ನು ತಾನೇ ಒಡೆದು ಮತ್ತೆ ಬಳಸಿಕೊಳ್ಳುವ ‘ಆಟೋಫೇಜಿ’ ಎಂಬ ಕ್ರಿಯೆಯ ಬಗೆಯನ್ನು ಅವರು ಕಂಡುಹಿಡಿದದ್ದೂ ನಿಜ. ಪ್ರಯೋಗದಲ್ಲಿ ಕೋಶಗಳಿಗೆ ಆಹಾರ ತಪ್ಪಿಸಿದ್ದೂ ನಿಜ. ಆದರೆ ಆ ಕೋಶಗಳು ರೊಟ್ಟಿ ಉಬ್ಬಿಸುವ ಯೀಸ್ಟ್‌ನವು. ಮನುಷ್ಯನು ಎಷ್ಟು ದಿನ ಉಪವಾಸ ಮಾಡಬೇಕು, ಅದರಿಂದ ಯಾವ ರೋಗ ಹೋಗುತ್ತದೆ ಎಂಬುದು ಪಾರಿತೋಷಕದ ಘೋಷಣೆಯಲ್ಲಿ ಇಲ್ಲ.

ಈ ಸಂದೇಶವನ್ನು ಬರೆದವನಿಗೆ ಜೈನಧರ್ಮದ ಮೇಲೆ ದ್ವೇಷವಿರಲಿಲ್ಲ, ರಾಗವಿತ್ತು. ಆಚಾರ್ಯರು ರಾಗವನ್ನೂ ದ್ವೇಷದ ಪಕ್ಕದಲ್ಲಿಯೇ ಏಕೆ ಕೂಡಿಸಿದರು ಎಂಬುದು ಇಲ್ಲಿ ತಿಳಿಯುತ್ತದೆ. ಧರ್ಮನಿಂದೆಯ ಮಾತು ಬಂದರೆ ಮಗುವೂ ಎಚ್ಚರಗೊಂಡು ‘ಯಾರು ಹೇಳಿದರು?’ ಎಂದು ಕೇಳುತ್ತದೆ. ಹೊಗಳಿಕೆಯ ಮಾತು ಬಂದರೆ ದೊಡ್ಡವರೂ ಕೇಳುವುದಿಲ್ಲ. ಇದರಿಂದ ಆಗುವ ಹಾನಿ ಸಣ್ಣದಲ್ಲ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವ ಅಜ್ಜಿಯು ಇಂತಹ ಸಂದೇಶ ಓದಿಸಿಕೊಂಡು ವೈದ್ಯರನ್ನು ಕೇಳದೆ ಅಷ್ಟಾಹ್ನಿಕದಲ್ಲಿ ಉಪವಾಸ ಹಿಡಿದರೆ ಪ್ರಾಣಕ್ಕೇ ಕುತ್ತು. ಉಪವಾಸವು ಕರ್ಮನಿರ್ಜರೆಗಾಗಿ ಹೇಳಿದ ತಪಸ್ಸು. ಅದಕ್ಕೆ ನೊಬೆಲ್ ಪಾರಿತೋಷಕದ ಸಾಕ್ಷಿ ಬೇಕೆಂದು ಯಾವ ಶ್ರಾವಕಾಚಾರದಲ್ಲಿಯೂ ಹೇಳಿಲ್ಲ.

ಹಾಗಾದರೆ ಮಕ್ಕಳಿಗೆ ಹೇಗೆ ಕಲಿಸಬೇಕು? ಉಪದೇಶಕ್ಕಿಂತ ನಡೆದ ಸಂಗತಿಯೊಂದನ್ನು ಪೂರ್ತಿಯಾಗಿ ಹೇಳುವುದು ಮೇಲು. ಅಂತಹ ಸಂಗತಿಯೊಂದು ಸಮಾಜದ ಚರಿತ್ರೆಯಲ್ಲಿಯೇ ಇದೆ, ಅದರ ಆರಂಭದ ಎಳೆ ಸೊಲ್ಲಾಪುರಕ್ಕೂ ಸೇರಿದೆ. ಅದು ಧವಲ ಗ್ರಂಥ ಹೊರಬಂದ ಕಥೆ.

ಪುಷ್ಪದಂತ-ಭೂತಬಲಿ ಆಚಾರ್ಯರ ಷಟ್ಖಂಡಾಗಮಕ್ಕೆ ಒಂಬತ್ತನೆಯ ಶತಮಾನದ ಸುಮಾರಿಗೆ ವೀರಸೇನ ಆಚಾರ್ಯರು ಬರೆದ ‘ಧವಲಾ’ ಟೀಕೆಯು ಶತಮಾನಗಳ ಕಾಲ ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ತಾಳೆಗರಿಗಳ ಮೇಲೆ ಉಳಿದುಬಂದಿತು. ಭಾಷೆ ಪ್ರಾಕೃತ-ಸಂಸ್ಕೃತ, ಲಿಪಿ ಹಳಗನ್ನಡದ್ದು. ಯಾತ್ರಿಕರು ದರ್ಶನ ಮಾಡಿ ಕೈ ಮುಗಿದು ಹೋಗುತ್ತಿದ್ದರು, ಓದಬಲ್ಲವರು ಬೆರಳೆಣಿಕೆಯಷ್ಟು. ಮುಂಬಯಿಯ ಸೇಠ ಮಾಣಿಕಚಂದರು ಯಾತ್ರೆಗೆ ಹೋದಾಗ ಗರಿಗಳು ಜೀರ್ಣವಾಗುತ್ತಿರುವುದನ್ನು ಕಂಡು ಸೊಲ್ಲಾಪುರದ ಸೇಠ ಹಿರಾಚಂದ ನೇಮಚಂದರಿಗೆ ತಿಳಿಸಿದರು. ಇಬ್ಬರ ಪ್ರಯತ್ನದಿಂದ 1896ರಲ್ಲಿ ಪ್ರತಿ ತೆಗೆಯುವ ಕೆಲಸ ಆರಂಭವಾಯಿತು. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳೂ ಮಿರಜದ ಗಜಪತಿ ಉಪಾಧ್ಯಾಯರೂ ಅದರಲ್ಲಿ ತೊಡಗಿದರು. ಎಲ್ಲ ಸಿದ್ಧಾಂತ ಗ್ರಂಥಗಳ ಪ್ರತಿ ಮುಗಿಯುವಾಗ 1922 ಬಂದಿತ್ತು. ಇಪ್ಪತ್ತಾರು ವರ್ಷಗಳ ಕೆಲಸ ಅದು.

ಆ ಪ್ರತಿಗಳೂ ಮೂಡಬಿದಿರೆಯಲ್ಲಿಯೇ ಇರಬೇಕೆಂಬುದು ಅಲ್ಲಿನವರ ನಿಬಂಧನೆಯಾಗಿತ್ತು. ಗಜಪತಿ ಉಪಾಧ್ಯಾಯರು ತಮ್ಮ ಪತ್ನಿ ಲಕ್ಷ್ಮೀಬಾಯಿಯವರ ಸಹಾಯದಿಂದ ಗುಟ್ಟಾಗಿ ಕನ್ನಡ ಲಿಪಿಯಲ್ಲಿ ಇನ್ನೊಂದು ಪ್ರತಿ ಸಿದ್ಧಪಡಿಸಿಕೊಂಡಿದ್ದರು. ಅದನ್ನು ಸೊಲ್ಲಾಪುರ ಮತ್ತು ಮುಂಬಯಿಯ ಸೇಠರ ಮುಂದೆ ಇಟ್ಟಾಗ, ಹೀಗೆ ಬಂದ ಪ್ರತಿಯನ್ನು ಕೊಳ್ಳುವುದು ನ್ಯಾಯವಲ್ಲವೆಂದು ಅವರು ಒಪ್ಪಲಿಲ್ಲ. ಕೊನೆಗೆ ಅದು ಉತ್ತರದ ಸಹಾರನಪುರದ ಲಾಲಾ ಜಂಬೂಪ್ರಸಾದರ ಮಂದಿರವನ್ನು ಸೇರಿತು. ಅಲ್ಲಿ ಕನ್ನಡ ಲಿಪಿಯಿಂದ ನಾಗರಿಗೆ ಬರೆಯಿಸಿದರು. ಬರೆದ ಪಂಡಿತರು ತಮಗೊಂದು ಪ್ರತಿ ಇಟ್ಟುಕೊಂಡರು. ಅದರಿಂದ ಮತ್ತೆ ಪ್ರತಿಗಳಾಗಿ ಆರಾ, ಕಾರಂಜಾ, ಅಮರಾವತಿ ಮುಂತಾದ ಊರುಗಳಿಗೆ ಹರಡಿದವು. ಇದರಲ್ಲಿ ಯಾವುದು ಸರಿ, ಯಾವುದು ತಪ್ಪು ಎಂಬ ತೀರ್ಪು ಇಲ್ಲಿ ಬೇಡ. ಆ ಗುಟ್ಟಿನ ಪ್ರತಿ ಇಲ್ಲದಿದ್ದರೆ ಗ್ರಂಥ ಬೆಳಕಿಗೆ ಬರಲು ಇನ್ನೆಷ್ಟು ಕಾಲ ಹಿಡಿಯುತ್ತಿತ್ತೋ ಹೇಳುವಂತಿಲ್ಲ.

ಡಾ. ಹೀರಾಲಾಲ ಜೈನರು ವಿದ್ವಾಂಸರ ನೆರವಿನಿಂದ ಸಂಪಾದಿಸಿ ಅಮರಾವತಿಯಿಂದ ಮೊದಲ ಸಂಪುಟವನ್ನು ಪ್ರಕಟಿಸಿದ್ದು 1939ರಲ್ಲಿ. ಸಹಕರಿಸಿದವರಲ್ಲಿ ಬೆಳಗಾವಿ ಜಿಲ್ಲೆಯ ಸದಲಗಾದವರಾದ ಡಾ. ಆ. ನೇ. ಉಪಾಧ್ಯೆಯವರೂ ಇದ್ದರು. ಸಂಪಾದಕರ ಮುಂದಿದ್ದ ಪ್ರತಿಗಳು ಮೂಲ ಗರಿಯಿಂದ ನಾಲ್ಕೈದು ಕೈ ದಾಟಿ ಬಂದವು. ಸತ್ಪ್ರರೂಪಣೆಯ 93ನೆಯ ಸೂತ್ರಕ್ಕೆ ಬಂದಾಗ ಅವರಿಗೆ ಒಂದು ತೊಡಕು ಕಂಡಿತು. ಸೂತ್ರದಲ್ಲಿ ಗುಣಸ್ಥಾನಗಳ ಹೆಸರುಗಳು ಸಾಲಾಗಿ ಬಂದು ‘ಸಂಜದಾಸಂಜದ’ ಎಂಬಲ್ಲಿಗೆ ನಿಲ್ಲುತ್ತಿದ್ದವು. ಆದರೆ ಕೆಳಗಿನ ಟೀಕೆಯ ವಾದವನ್ನು ನೋಡಿದರೆ ಅದರ ಮುಂದೆ ‘ಸಂಜದ’ ಎಂಬ ಇನ್ನೊಂದು ಪದ ಇರಲೇಬೇಕು ಎನಿಸುತ್ತಿತ್ತು. ಕೈಯಲ್ಲಿದ್ದ ಪ್ರತಿಗಳಲ್ಲಿ ಆ ಪದ ಇರಲಿಲ್ಲ. ಸಂಪಾದಕರು ಪದವನ್ನು ಸೂತ್ರದೊಳಗೆ ಸೇರಿಸಲಿಲ್ಲ, ಸುಮ್ಮನೆ ಬಿಡಲೂ ಇಲ್ಲ. ಇಲ್ಲಿ ‘ಸಂಜದ’ ಎಂಬ ಪಾಠ ಬಿಟ್ಟುಹೋದಂತೆ ತೋರುತ್ತದೆ ಎಂದು ಅಡಿಟಿಪ್ಪಣಿಯಲ್ಲಿ ಸೂಚಿಸಿದರು.

ಈ ಒಂದು ಪದದಿಂದ ಸಮಾಜದಲ್ಲಿ ದೊಡ್ಡ ಚರ್ಚೆಯೇ ಎದ್ದಿತು. ಸೂತ್ರವು ಮನುಷ್ಯಿಣಿಯರ ಗುಣಸ್ಥಾನಗಳ ಕುರಿತಾದದ್ದು. ಪದವಿದ್ದರೆ ಆ ಮಾತನ್ನು ಹೇಗೆ ಅರ್ಥೈಸಬೇಕು, ಇಲ್ಲದಿದ್ದರೆ ಹೇಗೆ ಎಂಬುದು ಸ್ತ್ರೀಮುಕ್ತಿಯ ಹಳೆಯ ಪ್ರಶ್ನೆಯವರೆಗೆ ಮುಟ್ಟುತ್ತದೆ. ಪದ ಇರಬೇಕೆಂದು ಬಯಸುವವರೂ ಇರಬಾರದೆಂದು ಬಯಸುವವರೂ ಇದ್ದರು. ಮುಂದೆ ಮೂಡಬಿದಿರೆಯವರು ಉದಾರ ಮನಸ್ಸಿನಿಂದ ಮೂಲ ತಾಳೆಗರಿಯೊಡನೆ ಹೋಲಿಸಿ ನೋಡಲು ಅನುವು ಮಾಡಿಕೊಟ್ಟರು. ಹಳಗನ್ನಡ ಲಿಪಿಯ ಗರಿಯಲ್ಲಿ ‘ಸಂಜದ’ ಪದವಿತ್ತು.

ಮಕ್ಕಳು ಇದನ್ನು ಕೇಳಿದರೆ ಮೊದಲು ಹುಟ್ಟುವ ಪ್ರಶ್ನೆ: ಅಷ್ಟು ಊರುಗಳ ಪ್ರತಿಗಳಲ್ಲಿ ಎಲ್ಲಿಯೂ ಇಲ್ಲದ್ದು ಮೂಲದಲ್ಲಿ ಹೇಗೆ ಇತ್ತು? ಇದೇ ಈ ಪಾಠದ ತಿರುಳು. ಆರಾದ ಪ್ರತಿ, ಕಾರಂಜಾದ ಪ್ರತಿ, ಅಮರಾವತಿಯ ಪ್ರತಿ ಎಂದು ಎಣಿಸಿದರೆ ಮೂರು ಸಾಕ್ಷಿಗಳೆಂದು ತೋರುತ್ತದೆ. ಆದರೆ ಮೂರೂ ಒಂದೇ ಪ್ರತಿಯ ಸಂತಾನ. ಹಿಂದೆ ಯಾರದೋ ಒಂದು ಕೈಯಲ್ಲಿ ಬಿಟ್ಟುಹೋದದ್ದು ಎಲ್ಲದರಲ್ಲಿಯೂ ಬಿಟ್ಟುಹೋಯಿತು. ಅದು ಬಿಟ್ಟುಹೋಗಲು ಕಪಟವೇ ಬೇಕೆಂದಿಲ್ಲ. ‘ಸಂಜದಾಸಂಜದ’ ಎಂದು ಬರೆದು ತಲೆ ಎತ್ತಿ ಮತ್ತೆ ಗರಿಯನ್ನು ನೋಡಿದಾಗ ‘ಸಂಜದ’ ಬರೆದಾಗಿದೆ ಎಂದು ಕಣ್ಣು ಮೋಸ ಹೋಗುವುದು ಸಹಜ. ರೋಜಕೀರ್ದಿಯಿಂದ ಖಾತೆಗೆ ಬರೆಯುವಾಗ ಒಂದೇ ಮೊತ್ತ ಎರಡು ಸಲ ಬಂದಿದ್ದರೆ ಗುಮಾಸ್ತನು ಒಂದನ್ನು ಬಿಡುವುದು ಹೀಗೆಯೇ. ಖಾತೆಯಿಂದ ಹತ್ತು ಪಟ್ಟಿ ತೆಗೆದರೂ ಹತ್ತರಲ್ಲಿಯೂ ಆ ಮೊತ್ತ ಕಡಿಮೆ ಬರುತ್ತದೆ. ಕೀರ್ದಿ ತೆರೆಯುವವರೆಗೆ ಲೆಕ್ಕ ಕೂಡುವುದಿಲ್ಲ.

ಮೊಬೈಲಿನಲ್ಲಿ ಐವತ್ತು ಗುಂಪುಗಳಿಂದ ಬಂದ ಒಂದೇ ಸಂದೇಶವು ಐವತ್ತು ಸಾಕ್ಷಿಗಳಲ್ಲ, ಒಂದೇ ಸಾಕ್ಷಿ, ಅದೂ ಹೆಸರಿಲ್ಲದ ಸಾಕ್ಷಿ. ‘ಎಲ್ಲರೂ ಹೇಳುತ್ತಿದ್ದಾರೆ’ ಎಂದು ಮಗು ವಾದಿಸಿದಾಗ ಈ ‘ಸಂಜದ’ದ ಕಥೆ ಹೇಳಿದರೆ ಸಾಕು. ಭಾರತದ ರಾಷ್ಟ್ರಗೀತೆಯನ್ನು ಜಗತ್ತಿನಲ್ಲಿಯೇ ಶ್ರೇಷ್ಠವೆಂದು ಯುನೆಸ್ಕೋ ಘೋಷಿಸಿದೆ ಎಂಬ ಸುದ್ದಿಯು ಎಷ್ಟೋ ವರ್ಷ ಹೀಗೆಯೇ ಸುತ್ತಿತು. ಯುನೆಸ್ಕೋ ಅಂತಹ ಘೋಷಣೆಯನ್ನು ಮಾಡಿರಲೇ ಇಲ್ಲ.

ಇನ್ನು ಸಂಪಾದಕರ ನಡೆಯನ್ನೂ ಮಕ್ಕಳಿಗೆ ತೋರಿಸಬೇಕು. ತಮಗೆ ಖಚಿತವೆನಿಸಿದ ಪದವನ್ನೂ ಅವರು ಮೂಲದೊಳಗೆ ತುರುಕಲಿಲ್ಲ. ಕೈಯಲ್ಲಿರುವುದು ಇಷ್ಟು, ಊಹೆ ಇಷ್ಟು ಎಂದು ಗೆರೆ ಎಳೆದು ತೋರಿಸಿದರು. ಯಾವ ಪುಸ್ತಕ, ಯಾವ ಪ್ರವಚನ, ಯಾವ ಪತ್ರಿಕೆ ಹೀಗೆ ಗೆರೆ ಎಳೆಯುತ್ತದೆಯೋ ಅದರ ಮಾತಿಗೆ ತೂಕ ಹೆಚ್ಚು. ಎಲ್ಲವನ್ನೂ ಒಂದೇ ಧೈರ್ಯದಿಂದ ಹೇಳುವವರ ಮುಂದೆ ಮಗು ಸ್ವಲ್ಪ ನಿಧಾನಿಸುವುದು ಒಳ್ಳೆಯದು. ಧವಲದ ಹದಿನಾರು ಸಂಪುಟಗಳು 1958ರ ಹೊತ್ತಿಗೆ ಪೂರ್ಣಗೊಂಡವು. ಪರಿಷ್ಕರಿಸಿದ ಆವೃತ್ತಿಯನ್ನು 1973ರಿಂದ ಮುಂದೆ ಸೊಲ್ಲಾಪುರದ ಜೈನ ಸಂಸ್ಕೃತಿ ಸಂರಕ್ಷಕ ಸಂಘವು ತಂದಿತು. ತಿದ್ದಿದ್ದರಿಂದ ಗ್ರಂಥದ ಪೂಜ್ಯತೆ ಕಡಿಮೆಯಾಗಲಿಲ್ಲ. ಪ್ರಶ್ನೆ ಕೇಳಿದರೆ ಶ್ರದ್ಧೆ ಕೆಡುತ್ತದೆ ಎಂದು ಮಕ್ಕಳ ಬಾಯಿ ಮುಚ್ಚಿಸುವ ಹಿರಿಯರು ಇದನ್ನು ನೆನೆಯಬಹುದು.

ಭಾಷೆಯ ಅಭಿಮಾನವೂ ಒಂದು ರಾಗವೇ. ಈ ಗಡಿಭಾಗದ ಮಕ್ಕಳಿಗೆ ಅದರ ಪರಿಚಯ ಬೇಗನೆ ಆಗುತ್ತದೆ. ಮರಾಠಿ ಶಾಲೆಯಲ್ಲಿ, ಮರಾಠಿಯ ಮೊದಲ ವಾಕ್ಯ ಶ್ರವಣಬೆಳಗೊಳದ ಗೊಮ್ಮಟೇಶ್ವರನ ಪಾದದ ಬಳಿ ಇದೆ, ಚಾವುಂಡರಾಯನ ಕಾಲದ್ದು ಎಂಬ ಮಾತು ಬಹುಕಾಲ ನಡೆದುಬಂದಿದೆ. ಮನೆಗೆ ಬಂದ ಮಗುವಿಗೆ, ಬೆಳಗೊಳ ಕನ್ನಡದ ಕ್ಷೇತ್ರ, ಅಲ್ಲಿ ಮರಾಠಿ ಎಲ್ಲಿಂದ ಬಂತು ಎಂಬ ಗದರಿಕೆ ಸಿಗುತ್ತದೆ. ಇಬ್ಬರೂ ಕಲ್ಲನ್ನು ನೋಡಿದವರಲ್ಲ. ಯಾತ್ರೆಗೆ ಹೋದಾಗ ಮಹಾಮೂರ್ತಿಯ ಎರಡೂ ಬದಿಯ ಹುತ್ತದ ಶಿಲ್ಪದ ಕಡೆಗೆ ಮಗುವಿನ ಕಣ್ಣು ತಿರುಗಿಸಬೇಕು. ಮೂರ್ತಿಯನ್ನು ಚಾವುಂಡರಾಯ ಮಾಡಿಸಿದನೆಂಬ ಒಂದೇ ಸಂಗತಿಯು ಅಲ್ಲಿ ಕನ್ನಡದಲ್ಲಿಯೂ ತಮಿಳಿನಲ್ಲಿಯೂ ನಾಗರಿ ಲಿಪಿಯ ಮರಾಠಿಯಲ್ಲಿಯೂ ಇದೆ. ಆದ್ದರಿಂದ ಮನೆಯವರ ಮಾತು ನಿಲ್ಲುವುದಿಲ್ಲ.

ಶಾಲೆಯ ಮಾತು ನಿಲ್ಲುತ್ತದೆಯೇ? ಚಾವುಂಡರಾಯನ ಪ್ರತಿಷ್ಠೆಯ ಕಾಲ ಸುಮಾರು 981. ಮರಾಠಿಯ ಇನ್ನೊಂದು ಸಾಲಿನಲ್ಲಿ ಸುತ್ತಾಲಯವನ್ನು ಗಂಗರಾಜನು ಮಾಡಿಸಿದನೆಂದಿದೆ. ಗಂಗರಾಜನು ಹೊಯ್ಸಳ ವಿಷ್ಣುವರ್ಧನನ ದಂಡನಾಯಕ, ಹನ್ನೆರಡನೆಯ ಶತಮಾನದವನು. ಎರಡೂ ಸಾಲುಗಳ ಅಕ್ಷರದ ಬಗೆ ಒಂದೇ ಆಗಿರುವುದರಿಂದ ಎರಡನ್ನೂ ಗಂಗರಾಜನ ಕಾಲದಲ್ಲಿಯೇ ಕೊರೆದಿರಬಹುದೆಂದು ವಿದ್ವಾಂಸರು ವಾದಿಸಿದ್ದಾರೆ. ಹಾಗಿದ್ದರೆ ಸೊಲ್ಲಾಪುರದ ಹತ್ತಿರವೇ, ಭೀಮಾ-ಸೀನಾ ಸಂಗಮದ ಹತ್ತರಸಂಗ-ಕುಡಲದಲ್ಲಿರುವ ಶಕ 940ರ, ಎಂದರೆ 1018ರ ಶಾಸನದಲ್ಲಿಯ ಮರಾಠಿ ವಾಕ್ಯವೇ ಅದಕ್ಕಿಂತ ಹಳೆಯದಾಗುತ್ತದೆ. ಶಾಸನ ಯಾರ ಬಗೆಗೆ ಹೇಳುತ್ತದೆ ಎಂಬುದು ಬೇರೆ, ಅದನ್ನು ಯಾವಾಗ ಬರೆದರು ಎಂಬುದು ಬೇರೆ. ಈ ಒಂದು ಭೇದವನ್ನು ತಿಳಿದ ಮಗು ಅರ್ಧ ಇತಿಹಾಸಕಾರನೇ ಸರಿ. ಕುಡಲಕ್ಕೆ ರವಿವಾರ ಹೋಗಿ ಸಂಜೆಗೆ ಮರಳಬಹುದು. ಮಕ್ಕಳನ್ನು ಕರೆದೊಯ್ಯುವ ಪಾಲಕರು ಹೆಚ್ಚಬೇಕು.

ಪಾಠಶಾಲೆಯಲ್ಲಿ ಈ ವಿಷಯಕ್ಕೆ ಬೇರೆ ಪುಸ್ತಕ ಬೇಕಿಲ್ಲ. ಗುರುಗಳು ಹತ್ತು ಸಾಲಿನ ಒಂದು ಪ್ರಾಕೃತ ಪಾಠವನ್ನು ಮೊದಲನೆಯ ಮಗುವಿಗೆ ಮಾತ್ರ ತೋರಿಸಬೇಕು. ಅದು ಕನ್ನಡ ಲಿಪಿಯಲ್ಲಿ ಬರೆದು ಎರಡನೆಯದಕ್ಕೆ ಕೊಡಲಿ, ಎರಡನೆಯದು ನಾಗರಿಯಲ್ಲಿ ಬರೆದು ಮೂರನೆಯದಕ್ಕೆ ಕೊಡಲಿ. ಮನೆಯಲ್ಲಿ ಗುಜರಾತಿ ಆಡುವ ಮಗು ಗುಜರಾತಿ ಲಿಪಿಯಲ್ಲಿ ಬರೆಯಲಿ. ಪ್ರತಿಯೊಂದು ಹಾಳೆಯ ಕೆಳಗೆ ಬರೆದವರ ಹೆಸರು ಮತ್ತು ಯಾರ ಹಾಳೆಯಿಂದ ಬರೆದದ್ದು ಎಂಬುದು ಇರಬೇಕು, ಹಿಂದಿನ ಲಿಪಿಕಾರರು ಗ್ರಂಥದ ಕೊನೆಯಲ್ಲಿ ತಮ್ಮ ಹೆಸರು ಬರೆಯುತ್ತಿದ್ದಂತೆ. ಹತ್ತನೆಯ ಹಾಳೆ ಮುಗಿದ ಮೇಲೆ ಅದನ್ನು ಮೂಲದ ಪಕ್ಕದಲ್ಲಿಟ್ಟರೆ, ಯಾವ ಅಕ್ಷರ ಯಾರ ಕೈಯಲ್ಲಿ ಜಾರಿತೆಂದು ಮಕ್ಕಳು ತಾವೇ ಹಿಂದಕ್ಕೆ ಹೋಗಿ ಹುಡುಕುತ್ತಾರೆ. ಹಾಳೆಯಲ್ಲಿ ಹೆಸರಿಲ್ಲದ ಕಡೆ ಹುಡುಕಾಟ ಅಲ್ಲಿಯೇ ನಿಂತುಹೋಗುತ್ತದೆ. ಒಂದು ಗಂಟೆಯ ಕೆಲಸ, ಹತ್ತು ಹಾಳೆಯ ಖರ್ಚು. ತಪ್ಪು ಮಾಡಿದ ಮಗುವನ್ನು ಉಳಿದವರು ನಗದಂತೆ ಗುರುಗಳು ನೋಡಿಕೊಳ್ಳಬೇಕು.